ತೊಟ್ಟಿಯಲ್ಲಿ ಕಾಣದ ಎಣ್ಣೆ

ಪಾತ್ರೆಯೊಂದರಲ್ಲಿ ಎಣ್ಣೆ ಎಷ್ಟಿದೆಯೆಂದು ತಿಳಿಯಬೇಕಾದರೆ ಅದರೊಳಕ್ಕೆ ಕಡ್ಡಿಯೊಂದನ್ನು ಇಳಿಸಿ, ಮೇಲೆತ್ತಿ, ಎಣ್ಣೆ ಅಂಟಿರುವ ಗುರುತನ್ನು ನೋಡಿದರಾಯಿತು. ಇದಕ್ಕಿಂತ ಸುಲಭವಾದ ಅಳತೆ ಬೇರೊಂದಿರಲಾರದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಹಳೆಯ ಮೋಟಾರು ಸೈಕಲ್ಲುಗಳ ಒಂದು ದೊಡ್ಡ ವರ್ಗದಲ್ಲಿ ಈ ಸುಲಭವಾದ ಅಳತೆಯೇ ಒಡೆಯನನ್ನು ವಂಚಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿಯ ಎಣ್ಣೆತೊಟ್ಟಿಯನ್ನು ಅವನು ತೆರೆದು ನೋಡುತ್ತಾನೆ. ಎಣ್ಣೆ ಅರ್ಧಕ್ಕಿಂತಲೂ ಕೆಳಗಿಳಿದಿದೆ. ನೆಲದ ಮೇಲೆ ಸೋರಿದ ಕಲೆಯಿಲ್ಲ, ಕೊಳವೆಗಳಲ್ಲಿ ಬಿರುಕಿಲ್ಲ. ಹೇಗೋ ಕಡಿಮೆಯಾಗಿದೆಯೆಂದುಕೊಂಡು ಕೊರತೆಯಾದಷ್ಟನ್ನೂ ತುಂಬಿ, ಎಂಜಿನನ್ನು ಹೊಡೆದೆಬ್ಬಿಸಿ, ಸವಾರಿ ಹೊರಡುತ್ತಾನೆ. ಕೆಲವೇ ನಿಮಿಷಗಳಲ್ಲಿ ತೊಟ್ಟಿ ಉಕ್ಕಿ, ಎಣ್ಣೆ ಚೌಕಟ್ಟಿನ ಮೇಲಿಂದ ಹರಿದು ಹಿಂದಿನ ಚಕ್ರದ ಟಯರನ್ನು ತೋಯಿಸುತ್ತದೆ. ತಿರುವಿನಲ್ಲಿ ಓರೆಯಾಗಿ ಬಾಗಿ ಸಾಗಬೇಕಾದ ವಾಹನಕ್ಕೆ ಎಣ್ಣೆ ಹತ್ತಿದ ಟಯರು ಎಂತಹ ಅಪಾಯವೆಂಬುದನ್ನು ವಿವರಿಸಬೇಕಾದುದಿಲ್ಲ.

ವಾಸ್ತವವಾಗಿ ಅಲ್ಲಿ ಎಣ್ಣೆ ಕಡಿಮೆಯಾಗಿರಲೇ ಇಲ್ಲ. ಅದು ತನ್ನ ಸ್ಥಳವನ್ನು ಮಾತ್ರ ಬದಲಾಯಿಸಿತ್ತು. ಎಲ್ಲಿಗೆ ಹೋಗಿತ್ತು, ಏಕೆ ಹೋಗಿತ್ತು, ಹಾಗಿದ್ದಲ್ಲಿ ಅದನ್ನು ಅಳೆಯುವ ಸರಿಯಾದ ಕ್ರಮ ಯಾವುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಎಣ್ಣೆಯ ಕೆಲಸ

ಎಂಜಿನಿನಲ್ಲಿ ಲೋಹದ ಭಾಗವೊಂದು ಮತ್ತೊಂದರ ಮೇಲೆ ನಿಮಿಷಕ್ಕೆ ಸಾವಿರಾರು ಸಲ ಉಜ್ಜುತ್ತಿರುತ್ತದೆ. ಇವೆರಡೂ ನಿಜವಾಗಿ ಒಂದನ್ನೊಂದು ಮುಟ್ಟಿದರೆ ಘರ್ಷಣೆಯ ಶಾಖದಿಂದ ಕೆಲವೇ ಕ್ಷಣಗಳಲ್ಲಿ ಬೆಸೆದುಕೊಂಡುಬಿಡುತ್ತವೆ. ಹಾಗಾಗದಂತೆ ನಡುವೆ ನಿಂತು ಕಾಯುವುದು ಕೀಲೆಣ್ಣೆಯ ಪೊರೆ. ಈ ಪೊರೆ ತಲೆಗೂದಲಿಗಿಂತಲೂ ಎಷ್ಟೋ ಪಾಲು ತೆಳ್ಳಗಿದ್ದರೂ ದೊಡ್ಡ ಭಾರವನ್ನು ಹೊರಬಲ್ಲುದು. 1883ರಲ್ಲಿ ಬ್ಯೂಚಾಂಪ್ ಟವರ್ ಎಂಬ ಆಂಗ್ಲ ಯಂತ್ರಶಿಲ್ಪಿ ರೈಲುಗಾಡಿಯ ಅಚ್ಚಿನ ಬೇರಿಂಗುಗಳ ಮೇಲೆ ನಡೆಸಿದ ಪ್ರಯೋಗಗಳ ವರದಿಯನ್ನು ಪ್ರಕಟಿಸಿದನು. ಬೇರಿಂಗಿನ ನೆತ್ತಿಯಲ್ಲಿ ಕೊರೆದಿದ್ದ ರಂಧ್ರದಿಂದ ಎಣ್ಣೆ ಮೇಲಕ್ಕೆ ಚಿಮ್ಮುತ್ತಿತ್ತು. ಮರದ ಬಿರಡೆಯನ್ನು ಜಡಿದರೂ ಎಣ್ಣೆ ಅದನ್ನು ಹೊರಕ್ಕೆ ದಬ್ಬಿತು. ತಿರುಗುವ ಅಚ್ಚೇ ಎಣ್ಣೆಯನ್ನು ಸಂದಿಯೊಳಕ್ಕೆ ಎಳೆದುಕೊಂಡು ಈ ಒತ್ತಡವನ್ನು ಹುಟ್ಟಿಸುತ್ತದೆಂಬುದನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ಸಾಧಿಸಿ ತೋರಿಸಿದನು.

ಪೊರೆ ಉಳಿಯಬೇಕಾದರೆ ಎಣ್ಣೆಯ ಪೂರೈಕೆ ನಿಲ್ಲಬಾರದು. ಅದು ಘರ್ಷಣೆಯ ಸ್ಥಳದಿಂದ ಶಾಖವನ್ನು ಹೊತ್ತು ಹೊರಬರಬೇಕು, ತಣಿದು ಮತ್ತೆ ಒಳಹೋಗಬೇಕು. ಮೊದಮೊದಲ ಮೋಟಾರು ಸೈಕಲ್ಲುಗಳಲ್ಲಿ ಇಂತಹ ಪರಿಚಲನೆಯೇ ಇರಲಿಲ್ಲ. ಸವಾರನು ಆಗಾಗ್ಗೆ ಕೈಪಂಪೊಂದನ್ನು ಒತ್ತಿ ಒಂದಿಷ್ಟು ಎಣ್ಣೆಯನ್ನು ಎಂಜಿನಿಗೆ ಉಣಿಸುತ್ತಿದ್ದನು. ಅದು ಸ್ವಲ್ಪ ಉರಿದು, ಸ್ವಲ್ಪ ಸೋರಿ, ಅಲ್ಲಿಗೇ ಮುಗಿಯುತ್ತಿತ್ತು. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಸುತ್ತಿಸುವ ಏರ್ಪಾಡು ಬಂದುದು ತರುವಾಯ. 1930ರ ದಶಕದಿಂದ 1970ರ ದಶಕದವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಟ್ರಯಂಫ್, ನಾರ್ಟನ್, ಬಿಎಸ್‌ಎ, ಮ್ಯಾಚ್‌ಲೆಸ್, ವೆಲೊಸೆಟ್, ವಿನ್ಸೆಂಟ್, ರಾಯಲ್ ಎನ್‌ಫೀಲ್ಡ್ ಮೊದಲಾದ ಹೆಸರಾಂತ ಗಾಡಿಗಳು ಇದಕ್ಕೆ ಅನುಸರಿಸಿದ ಮಾರ್ಗವನ್ನೇ ಒಣ ಸಂಪಿನ ವಿಧಾನವೆನ್ನಬಹುದು.

ಸಂಪು ಮತ್ತು ತೊಟ್ಟಿ

ಬೆಂಗಳೂರಿನಂತಹ ಊರುಗಳಲ್ಲಿ ಮನೆ ಕಟ್ಟಿದವರಿಗೆ ಸಂಪು ಎಂಬ ಮಾತಿನ ಪರಿಚಯ ಮಾಡಿಕೊಡಬೇಕಾದುದಿಲ್ಲ. ನೆಲದೊಳಗೆ ನೀರು ಸೇರುವ ಗುಂಡಿಯೇ ಸಂಪು. ಅಲ್ಲಿಂದ ಪಂಪು ನೀರನ್ನು ಮಾಳಿಗೆಯ ಮೇಲಿನ ತೊಟ್ಟಿಗೆ ಏರಿಸುತ್ತದೆ. ತೊಟ್ಟಿಯಿಂದ ಮನೆಯ ನಲ್ಲಿಗಳಿಗೆ ನೀರು ಇಳಿಯುತ್ತದೆ. ಎಂಜಿನಿನಲ್ಲಿಯೂ ಸಂಪೆಂದರೆ ಇಂತಹುದೇ. ಬೇರಿಂಗುಗಳಿಂದಲೂ ಸಿಲಿಂಡರಿನ ಗೋಡೆಯಿಂದಲೂ ಜಿನುಗುವ ಎಣ್ಣೆಯೆಲ್ಲ ತಳಕ್ಕೆ ಇಳಿದು ಸೇರುವ ಸ್ಥಳವದು.

ಹೆಚ್ಚಿನ ಕಾರುಗಳಲ್ಲಿಯೂ ಇಂದಿನ ಅನೇಕ ಮೋಟಾರು ಸೈಕಲ್ಲುಗಳಲ್ಲಿಯೂ ಸಂಪೇ ಎಣ್ಣೆಯ ಉಗ್ರಾಣ. ಎಣ್ಣೆ ಅಲ್ಲಿಯೇ ಇರುತ್ತದೆ, ಅಲ್ಲಿಂದಲೇ ಪಂಪು ಅದನ್ನು ಎತ್ತಿಕೊಳ್ಳುತ್ತದೆ, ಅಲ್ಲಿಗೇ ಅದು ಮರಳುತ್ತದೆ. ಇದು ಹಸಿ ಸಂಪು. ಇಲ್ಲಿ ಎಣ್ಣೆಗೆ ಇರುವುದು ಒಂದೇ ಮನೆ; ಗಾಡಿ ಒಂದು ದಿನ ನಿಂತರೂ ಒಂದು ವರ್ಷ ನಿಂತರೂ ಅಳತೆಗೋಲು ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತದೆ.

ಒಣ ಸಂಪಿನ ಎಂಜಿನಿನಲ್ಲಿ ಉಗ್ರಾಣವೇ ಬೇರೆ. ಸಾಮಾನ್ಯವಾಗಿ ಸವಾರನ ಪೀಠದ ಕೆಳಗೆ, ಎಂಜಿನಿಗಿಂತ ಮೇಲ್ಮಟ್ಟದಲ್ಲಿ, ಎಣ್ಣೆಗಾಗಿಯೇ ಒಂದು ತೊಟ್ಟಿಯಿರುತ್ತದೆ. ವಿನ್ಸೆಂಟ್ ಗಾಡಿಗಳಲ್ಲಿ ಚೌಕಟ್ಟಿನ ಮೇಲಿನ ತೊಲೆಯೇ ಟೊಳ್ಳಾಗಿದ್ದು ಎಣ್ಣೆಯ ತೊಟ್ಟಿಯಾಗಿತ್ತು. 1971ರಿಂದ ಟ್ರಯಂಫ್ ಮತ್ತು ಬಿಎಸ್‌ಎ ಸಂಸ್ಥೆಗಳ ಕೆಲವು ದೊಡ್ಡ ಗಾಡಿಗಳಲ್ಲಿಯೂ ಚೌಕಟ್ಟಿನ ದಪ್ಪ ಕೊಳವೆಯೇ ಆ ಕೆಲಸವನ್ನು ಮಾಡಿತು. ಇಂಗ್ಲೆಂಡಿನ ಹೊರಗೂ ಈ ವಿಧಾನವಿತ್ತು. 1969ರಲ್ಲಿ ಮಾರುಕಟ್ಟೆಗೆ ಬಂದ ಜಪಾನಿನ ಹೋಂಡಾ ಸಿಬಿ 750 ಅದಕ್ಕೊಂದು ಪ್ರಸಿದ್ಧ ನಿದರ್ಶನ.

ಈ ವ್ಯವಸ್ಥೆಯಲ್ಲಿ ಪಂಪುಗಳು ಎರಡು. ಒಂದು ತೊಟ್ಟಿಯ ಎಣ್ಣೆಯನ್ನು ಪಡೆದು ಬೇರಿಂಗುಗಳಿಗೆ ಒತ್ತಡದಿಂದ ಕಳುಹಿಸುತ್ತದೆ; ಇದನ್ನು ಉಣಿಸುವ ಪಂಪೆನ್ನೋಣ. ಇನ್ನೊಂದು ಸಂಪಿಗೆ ಇಳಿದ ಎಣ್ಣೆಯನ್ನು ತೋಡಿ ತೊಟ್ಟಿಗೆ ಮರಳಿಸುತ್ತದೆ. ಇದು ತೋಡುವ ಪಂಪು. ಸಾಮಾನ್ಯವಾಗಿ ಇವೆರಡೂ ಒಂದೇ ಕವಚದಲ್ಲಿದ್ದು ಎಂಜಿನಿನ ಬಲದಿಂದಲೇ ಓಡುತ್ತವೆ. ಸಂಪಿನಲ್ಲಿ ಎಣ್ಣೆ ಎಂದೂ ಶೇಖರವಾಗಬಾರದು. ಏಕೆಂದರೆ ಅಲ್ಲಿ ಭಾರವಾದ ಚಾಲಕ ಚಕ್ರಗಳು ಇಕ್ಕಟ್ಟಾದ ಜಾಗದಲ್ಲಿ ತಿರುಗುತ್ತಿರುತ್ತವೆ. ಎಣ್ಣೆ ತುಂಬಿದರೆ ಅವು ಅದನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತ ತಮ್ಮ ಬಲವನ್ನೇ ಕಳೆದುಕೊಳ್ಳುತ್ತವೆ. ಆದುದರಿಂದ ತೋಡುವ ಪಂಪಿನ ಸಾಮರ್ಥ್ಯವನ್ನು ಉಣಿಸುವ ಪಂಪಿಗಿಂತ ಬೇಕೆಂದೇ ಹೆಚ್ಚಾಗಿ ಇಟ್ಟಿರುತ್ತಾರೆ. ನಾರ್ಟನ್ ಗಾಡಿಗಳ ಗೇರ್ ಪಂಪಿನಲ್ಲಿ ತೋಡುವ ಗೇರುಗಳ ಅಗಲ ಉಣಿಸುವ ಗೇರುಗಳ ಸುಮಾರು ಎರಡರಷ್ಟು. ಟ್ರಯಂಫ್ ಗಾಡಿಗಳ ಪಂಪಿನಲ್ಲಿ ಗೇರುಗಳಿಗೆ ಬದಲು ಮೇಲೆ ಕೆಳಗೆ ಆಡುವ ಎರಡು ದಂಡಗಳಿವೆ. ತೋಡುವ ದಂಡ ಉಣಿಸುವ ದಂಡಕ್ಕಿಂತ ದಪ್ಪ.

ಈ ಅಸಮತೆಯಿಂದ ಒಂದು ಉಪಯುಕ್ತವಾದ ಫಲವುಂಟು. ಎಂಜಿನು ಸ್ವಲ್ಪ ಹೊತ್ತು ಓಡಿದ ಮೇಲೆ ಸಂಪು ಬರಿದಾಗುತ್ತದೆ. ತೋಡುವ ಪಂಪಿಗೆ ಬೇಕಾದಷ್ಟು ಎಣ್ಣೆ ದೊರೆಯದೆ ನಡುನಡುವೆ ಗಾಳಿಯನ್ನೂ ನುಂಗಬೇಕಾಗುತ್ತದೆ. ತೊಟ್ಟಿಯ ಬಾಯಿಯಲ್ಲಿ ಇಣುಕಿದರೆ ಹಿಂದಿರುಗುವ ಕೊಳವೆಯಿಂದ ಎಣ್ಣೆ ಒಂದೇ ಧಾರೆಯಾಗಿ ಬೀಳದೆ, ಗುಳ್ಳೆಗಳೊಡನೆ ಬಿಟ್ಟು ಬಿಟ್ಟು ಉಗುಳಿದಂತೆ ಬೀಳುತ್ತಿರುವುದನ್ನು ಕಾಣಬಹುದು. ಈ ಲಕ್ಷಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಉಪಯೋಗವಿದೆ.

ನಿಂತ ಗಾಡಿಯಲ್ಲಿ ನಡೆಯುವುದೇನು?

ಎಂಜಿನು ನಿಂತಿತೆನ್ನೋಣ. ಎರಡು ಪಂಪುಗಳೂ ನಿಂತವು. ಆದರೆ ಭೂಮಿಯ ಆಕರ್ಷಣೆ ನಿಲ್ಲುವುದಿಲ್ಲ. ತೊಟ್ಟಿಯ ಎಣ್ಣೆಯ ಮಟ್ಟ ಪಂಪಿಗಿಂತ 30 ಸೆಂಟಿಮೀಟರು ಮೇಲಿದೆಯೆಂದು ಇಟ್ಟುಕೊಳ್ಳಿ. ಕೀಲೆಣ್ಣೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.88 ಗ್ರಾಂ. ಆದಕಾರಣ ಪಂಪಿನ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 26 ಗ್ರಾಂ ಭಾರ; ಎಂದರೆ ವಾಯುಮಂಡಲದ ಒತ್ತಡದ ನಲವತ್ತನೆಯ ಒಂದು ಪಾಲು. ಇದು ಅತ್ಯಲ್ಪವೆಂಬುದು ನಿಜ. ಆದರೆ ಇದು ಹಗಲೂ ರಾತ್ರಿಯೂ ಎಡೆಬಿಡದೆ ಕೆಲಸಮಾಡುತ್ತಿರುತ್ತದೆ.

ಯಾವ ಪಂಪೂ ಸಂಪೂರ್ಣವಾಗಿ ಬಿಗಿಯಾಗಿರಲಾರದು. ಗೇರುಗಳು ತಿರುಗಬೇಕಾದರೆ ಅವುಗಳಿಗೂ ಕವಚಕ್ಕೂ ನಡುವೆ ಕೂದಲೆಳೆಯಂತಹ ಸಂದಿಯಾದರೂ ಬೇಕು. ಆ ಸಂದಿಯಲ್ಲಿ ಎಣ್ಣೆ ಜಿನುಗಿ, ಬೇರಿಂಗುಗಳ ಮಾರ್ಗವಾಗಿ ಸಂಪಿಗೆ ಇಳಿಯುತ್ತದೆ. ಇಂತಹ ಕಿರಿದಾದ ಸಂದಿಯಲ್ಲಿ ದ್ರವ ಹರಿಯುವ ನಿಯಮ ವಿಚಾರಾರ್ಹವಾದುದು. ಹರಿವು ಒತ್ತಡಕ್ಕೆ ಅನುಲೋಮವಾಗಿಯೂ ದ್ರವದ ಸ್ನಿಗ್ಧತೆಗೆ ವಿಲೋಮವಾಗಿಯೂ ಇರುತ್ತದೆ; ಸಂದಿಯ ಅಗಲಕ್ಕಾದರೋ ಅದರ ಘನಕ್ಕೆ ಅನುಲೋಮವಾಗಿರುತ್ತದೆ. ಪಂಪು ಸವೆದು ಸಂದಿ ಎರಡರಷ್ಟಾದರೆ ಸೋರಿಕೆ ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ, ಮೂರರಷ್ಟಾದರೆ ಇಪ್ಪತ್ತೇಳರಷ್ಟು! ಹೊಸದಾಗಿದ್ದಾಗ ತಿಂಗಳವರೆಗೆ ಎಣ್ಣೆಯನ್ನು ತಡೆದು ನಿಲ್ಲಿಸಿದ್ದ ಪಂಪು ಮುದಿಯಾದಾಗ ಒಂದು ವಾರವೂ ತಡೆಯಲಾರದೇಕೆಂಬುದು ಇದರಿಂದ ತಿಳಿಯುತ್ತದೆ.

ಸ್ನಿಗ್ಧತೆಯ ಪಾತ್ರವೂ ಸಣ್ಣದಲ್ಲ. ಶಾಖ ಏರಿದಂತೆಲ್ಲ ಎಣ್ಣೆ ತೆಳುವಾಗುತ್ತದೆಂಬುದನ್ನು ಅಡಿಗೆಮನೆಯ ಬಾಣಲೆಯಲ್ಲಿಯೇ ಕಾಣಬಹುದು. ಹಳೆಯ ಗಾಡಿಗಳಿಗೆ ಹಾಕುವ 50ನೆಯ ದರ್ಜೆಯ ಗಟ್ಟಿ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಹತ್ತರಷ್ಟು ಹೆಚ್ಚು. ಆದುದರಿಂದ ಬಿಸಿಯಾಗಿ ಬಂದು ನಿಂತ ಎಂಜಿನಿನಲ್ಲಿ ಮೊದಲ ಕೆಲವು ಗಂಟೆಗಳ ಸೋರಿಕೆಯೇ ತೀವ್ರವಾದುದು; ಎಣ್ಣೆ ತಣಿದಂತೆ ಅದು ಮಂದವಾಗುತ್ತದೆ. ಇದೇ ಕಾರಣದಿಂದ, ಬರ್ಮಿಂಗ್‌ಹ್ಯಾಮಿನ ಚಳಿಗಾಲದಲ್ಲಿ ನಿಂತ ಗಾಡಿಗಿಂತ ರಾಯಚೂರಿನ ಬೇಸಗೆಯಲ್ಲಿ ನಿಂತ ಅಂತಹುದೇ ಗಾಡಿಯಲ್ಲಿ ಎಣ್ಣೆ ಬೇಗನೆ ಕೆಳಗಿಳಿಯುತ್ತದೆ.

ಹನಿಯ ಲೆಕ್ಕವನ್ನು ಹಾಕಿ ನೋಡೋಣ. ಎಣ್ಣೆಯ 30 ಹನಿ ಸೇರಿದರೆ ಒಂದು ಮಿಲಿಲೀಟರೆಂದು ಭಾವಿಸಿ. ನಿಮಿಷಕ್ಕೆ ಒಂದೇ ಒಂದು ಹನಿ ಸೋರಿದರೂ ದಿನಕ್ಕೆ 1440 ಹನಿ, ಎಂದರೆ 48 ಮಿಲಿಲೀಟರು. ತಿಂಗಳಿಗೆ ಇದು ಸುಮಾರು ಒಂದೂವರೆ ಲೀಟರು. ಹತ್ತು ಸೆಕೆಂಡಿಗೊಂದು ಹನಿಯಾದರೆ ಎರಡು ಲೀಟರಿನ ತೊಟ್ಟಿ ಒಂದು ವಾರದಲ್ಲಿ ಬರಿದು. ಎಂಜಿನು ಓಡುತ್ತಿರುವಾಗ ಗಣನೆಗೇ ಬಾರದ ಸೋರಿಕೆ, ದೀರ್ಘಕಾಲ ದೊರೆತುದರಿಂದಲೇ ದೊಡ್ಡದಾಗುತ್ತದೆ.

ಇದನ್ನು ತಯಾರಕರು ಅರಿಯದೆ ಇರಲಿಲ್ಲ. ಅನೇಕ ಎಂಜಿನುಗಳಲ್ಲಿ ಎಣ್ಣೆಯ ಹಾದಿಗೆ ಉಕ್ಕಿನ ಗುಂಡೊಂದನ್ನು ಕವಾಟವಾಗಿ ಇಟ್ಟಿದ್ದಾರೆ. ಕೆಲವೆಡೆ ಅದನ್ನು ಹಗುರವಾದ ಸ್ಪ್ರಿಂಗು ಒತ್ತಿರುತ್ತದೆ. ತೋಟದ ಬಾವಿಯ ಪಂಪುಸೆಟ್ಟಿನಲ್ಲಿ ಫುಟ್ ವಾಲ್ವು ಹೇಗೋ ಇಲ್ಲಿ ಈ ಗುಂಡು ಹಾಗೆ. ಫುಟ್ ವಾಲ್ವಿನ ಬಾಯಿಗೆ ಒಂದು ಕಡ್ಡಿ ಸಿಕ್ಕಿಕೊಂಡರೂ ಕೊಳವೆಯ ನೀರೆಲ್ಲ ರಾತ್ರಿಯೊಳಗೆ ಬಾವಿಗೆ ಇಳಿದುಹೋಗುವುದು ರೈತರಿಗೆಲ್ಲ ಗೊತ್ತಿರುವ ಸಂಗತಿ. ಗುಂಡಿನ ಪೀಠದಲ್ಲಿ ಕಸದ ಕಣವೊಂದು ಕುಳಿತರೆ, ಅಥವಾ ಪೀಠ ಸವೆದು ಅಂಕುಡೊಂಕಾದರೆ, ಇಲ್ಲಿಯೂ ಅದೇ ಗತಿ. ಸ್ಪ್ರಿಂಗನ್ನು ಬಲಪಡಿಸಿ ಸೋರಿಕೆಯನ್ನು ತಡೆಯಬಾರದೇಕೆ? ಹಾಗೆ ಮಾಡಿದರೆ ಉಣಿಸುವ ಪಂಪಿಗೇ ಎಣ್ಣೆ ಸಾಲದೆ ಬರಬಹುದು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಈ ಗಾಡಿಗಳು ಹೊಸದಾಗಿದ್ದ ಕಾಲದಲ್ಲಿ ಅವು ದಿನಬಳಕೆಯ ವಾಹನಗಳಾಗಿದ್ದುವು. ಕಾರ್ಖಾನೆಗೆ ಹೋಗುವ ಕೆಲಸಗಾರನು ಬೆಳಿಗ್ಗೆ ಏರಿದರೆ ಸಂಜೆಗೆ ಮನೆ ಸೇರುತ್ತಿದ್ದನು. ಎಣ್ಣೆಗೆ ಕೆಳಗಿಳಿಯಲು ಬಿಡುವೇ ಇರಲಿಲ್ಲ. ಇಂದು ಅವು ಅಭಿಮಾನದ ವಸ್ತುಗಳಾಗಿ, ಹೊದಿಕೆಯ ಕೆಳಗೆ ವಾರಗಟ್ಟಲೆ ನಿಲ್ಲುತ್ತವೆ. ಯಂತ್ರ ಅದೇ, ಅದನ್ನು ಬಳಸುವ ರೀತಿ ಬದಲಾಗಿದೆ. ಅಂದು ಸಾಕಾಗಿದ್ದ ಅಳತೆಯ ಅಭ್ಯಾಸ ಇಂದು ಸಾಲದಾಗಿರುವುದು ಇದರಿಂದಲೇ.

ತಪ್ಪು ಅಳತೆಯ ಫಲ

ಕಣಜದಲ್ಲಿರುವ ಭತ್ತವನ್ನಷ್ಟೇ ಅಳೆದು, ಕಣದಲ್ಲಿ ರಾಶಿಬಿದ್ದಿರುವುದನ್ನು ಮರೆತ ಗೃಹಸ್ಥನು ಸಾಲಮಾಡಿ ಭತ್ತವನ್ನು ಕೊಂಡರೆ ಹೇಗೆ? ತೊಟ್ಟಿಯನ್ನು ಮಾತ್ರ ನೋಡಿ ಎಣ್ಣೆ ತುಂಬುವವನ ಕೆಲಸವೂ ಅಂತಹುದೇ. ಎಂಜಿನಿನ ಒಟ್ಟು ಎಣ್ಣೆಯೆಂದರೆ ತೊಟ್ಟಿಯಲ್ಲಿರುವುದು, ಸಂಪಿನಲ್ಲಿರುವುದು, ಕೊಳವೆ ಮತ್ತು ಬೇರಿಂಗುಗಳಲ್ಲಿರುವುದು, ಈ ಮೂರರ ಮೊತ್ತ. ಅಳತೆಗೋಲು ಮೊದಲನೆಯದನ್ನು ಮಾತ್ರ ಬಲ್ಲುದು.

ಅಂಕಿಗಳಲ್ಲಿ ನೋಡೋಣ. 1967ರಲ್ಲಿ ಪ್ರಕಟವಾದ ನಾರ್ಟನ್ ಕಮಾಂಡೋ ಗಾಡಿಯ ಎಣ್ಣೆತೊಟ್ಟಿ ಸುಮಾರು 2.8 ಲೀಟರು ಹಿಡಿಯುತ್ತದೆ. ಅದರಲ್ಲಿ 1.5 ಲೀಟರು ಸಂಪಿಗೆ ಇಳಿದಿದ್ದರೆ ತೊಟ್ಟಿಯಲ್ಲಿ ಕಾಣುವುದು 1.3 ಲೀಟರು ಮಾತ್ರ. ಒಡೆಯನು ಒಂದೂವರೆ ಲೀಟರು ಹೊಸ ಎಣ್ಣೆಯನ್ನು ಹೊಯ್ದು ತೊಟ್ಟಿಯನ್ನು ಸರಿಯಾದ ಗುರುತಿಗೆ ತಂದನೆಂದು ಸಂತೋಷಪಡುತ್ತಾನೆ. ಈಗ ಒಟ್ಟು ಎಣ್ಣೆ 4.3 ಲೀಟರು. ಎಂಜಿನು ಓಡತೊಡಗಿದೊಡನೆ ತೋಡುವ ಪಂಪು ತನ್ನ ಕರ್ತವ್ಯವನ್ನು ತಪ್ಪದೆ ನೆರವೇರಿಸುತ್ತದೆ. ಸಂಪಿನ ಒಂದೂವರೆ ಲೀಟರನ್ನೂ ಮೇಲಕ್ಕೆ ಕಳುಹಿಸುತ್ತದೆ. ತೊಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಉಸಿರುಕೊಳವೆಯಿಂದಲೂ ಮುಚ್ಚಳದ ಅಂಚಿನಿಂದಲೂ ಅದು ಹೊರಕ್ಕೆ ಬರಲೇಬೇಕು. ಬಂದುದು ಬೀಳುವುದು ಟಯರಿನ ಮೇಲೆಯೋ ಬಿಸಿಯಾದ ಹೊಗೆಕೊಳವೆಯ ಮೇಲೆಯೋ ಆಗಬಹುದು.

ತೊಟ್ಟಿಗೆ ಏನನ್ನೂ ಸೇರಿಸದೆ ಎಂಜಿನನ್ನು ಹಾಗೆಯೇ ಹೊಡೆದರೂ ತೊಂದರೆ ಇಲ್ಲದಿಲ್ಲ. ಎಣ್ಣೆ ತುಂಬಿದ ಸಂಪಿನಲ್ಲಿ ಚಕ್ರಗಳು ತಿರುಗುವುದೇ ಕಷ್ಟ. ಪಿಸ್ಟನ್ನು ಕೆಳಗಿಳಿದಾಗಲೆಲ್ಲ ಅದರ ಕೆಳಗಿನ ಗಾಳಿ ಒತ್ತಲ್ಪಟ್ಟು, ಎಣ್ಣೆಯನ್ನು ಸಿಕ್ಕ ಸಿಕ್ಕ ಸಂದಿಯಿಂದ ಹೊರದೂಡುತ್ತದೆ. ಪಿಸ್ಟನ್ನಿನ ಬಳೆಗಳನ್ನು ದಾಟಿ ಮೇಲೇರಿದ ಎಣ್ಣೆ ಉರಿದು ನೀಲಿಯ ಹೊಗೆಯಾಗುತ್ತದೆ. ತೊಟ್ಟಿ ಪೂರ್ತಿ ಬರಿದಾಗಿದ್ದರೆ ಅಪಾಯ ಇನ್ನೊಂದು ಬಗೆಯದು: ಉಣಿಸುವ ಪಂಪಿಗೆ ಮೊದಲಿಗೆ ದೊರೆಯುವುದು ಬರಿಯ ಗಾಳಿ. ಸಂಪಿನ ಎಣ್ಣೆ ಮೇಲೇರಿ ಮರಳಿ ಬರುವವರೆಗೆ ಬೇರಿಂಗುಗಳು ಹಳೆಯ ಪೊರೆಯ ಮೇಲೆಯೇ ಕಾಲಹಾಕಬೇಕು.

ಸರಿಯಾದ ಕ್ರಮ

ಇಷ್ಟನ್ನು ತಿಳಿದ ಮೇಲೆ ಅಳತೆಯ ಕ್ರಮ ತಾನಾಗಿಯೇ ಹೊಳೆಯುತ್ತದೆ. ಅಳೆಯುವುದಕ್ಕೆ ಮುಂಚೆ ಎಣ್ಣೆಯನ್ನು ಅದರ ಮನೆಗೆ ಸೇರಿಸಬೇಕು.

ಮೊದಲನೆಯದಾಗಿ, ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಡುಗಾಲಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಪಕ್ಕಗಾಲಿನ ಮೇಲೆ ಓರೆಯಾಗಿ ನಿಲ್ಲಿಸಿದರೆ ಎಣ್ಣೆಯ ಮೇಲ್ಮೈ ಸಮಮಟ್ಟದಲ್ಲಿಯೇ ಇರುತ್ತದೆ, ತೊಟ್ಟಿ ಮಾತ್ರ ಓರೆಯಾಗುತ್ತದೆ. 20 ಸೆಂಟಿಮೀಟರು ಅಗಲದ ತೊಟ್ಟಿ 10 ಡಿಗ್ರಿ ವಾಲಿದರೆ ಅದರ ಎರಡು ಪಕ್ಕಗಳ ನಡುವೆ ಮಟ್ಟದ ವ್ಯತ್ಯಾಸ ಮೂರೂವರೆ ಸೆಂಟಿಮೀಟರು. ಅಳತೆಗೋಲಿನ ಎರಡು ಗುರುತುಗಳ ಅಂತರಕ್ಕೂ ಇದು ಮೀರಬಹುದು.

ಎರಡನೆಯದಾಗಿ, ತೊಟ್ಟಿಯ ಮುಚ್ಚಳವನ್ನು ತೆರೆದು ನೋಡಬೇಕು. ಆದರೆ ಏನನ್ನೂ ಸೇರಿಸಬಾರದು. ಗಾಡಿ ಒಂದೆರಡು ದಿನ ಮಾತ್ರ ನಿಂತಿದ್ದು, ಎಣ್ಣೆ ಸ್ವಲ್ಪವೇ ಇಳಿದಿದ್ದರೆ, ಎಂಜಿನನ್ನು ಹೊಡೆದು ನಿಧಾನವಾಗಿ ಓಡಲು ಬಿಡಬಹುದು. ಈ ಕೆಲಸವನ್ನು ಗಾಳಿಯಾಡುವ ಸ್ಥಳದಲ್ಲಿಯೇ ಮಾಡಬೇಕು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡು ಪ್ರಾಣಾಂತಿಕ.

ಮೂರನೆಯದಾಗಿ, ಹಿಂದಿರುಗುವ ಕೊಳವೆಯನ್ನು ಗಮನಿಸಬೇಕು. ಮೊದಲು ಎಣ್ಣೆ ತುಂಬು ಧಾರೆಯಾಗಿ ಬೀಳುತ್ತದೆ. ಸಂಪಿನಲ್ಲಿ ಇನ್ನೂ ಎಣ್ಣೆಯಿದೆಯೆಂದು ಇದರ ಅರ್ಥ. ಕೆಲವು ನಿಮಿಷಗಳ ಮೇಲೆ ಧಾರೆ ಮುರಿದು, ಆಗಲೇ ಹೇಳಿದಂತೆ ಗಾಳಿಯೊಡನೆ ಬಿಟ್ಟು ಬಿಟ್ಟು ಬರತೊಡಗುತ್ತದೆ. ಸಂಪು ಒಣಗಿತು! ಕಣ್ಣಿಗೆ ಕಾಣದ ಸಂಪಿನ ಸ್ಥಿತಿಯನ್ನು ಕಣ್ಣಿಗೆ ಕಾಣುವ ಧಾರೆ ಹೀಗೆ ತಿಳಿಸುತ್ತದೆ. ಎಂಜಿನು ಓಡಿ ಒಂದು ನಿಮಿಷ ಕಳೆದರೂ ಕೊಳವೆಯಲ್ಲಿ ಎಣ್ಣೆಯ ಸುಳಿವೇ ಇಲ್ಲದಿದ್ದರೆ ಒಡನೆಯೇ ಎಂಜಿನನ್ನು ನಿಲ್ಲಿಸಿ ಕಾರಣವನ್ನು ಹುಡುಕಬೇಕು.

ನಾಲ್ಕನೆಯದಾಗಿ, ಎಂಜಿನನ್ನು ನಿಲ್ಲಿಸಿ, ನೊರೆ ಇಳಿಯಲು ಒಂದೆರಡು ನಿಮಿಷ ಬಿಟ್ಟು, ಆಮೇಲೆ ಅಳೆಯಬೇಕು. ಈಗ ಕಾಣುವ ಮಟ್ಟವೇ ನಿಜವಾದ ಮಟ್ಟ. ಈಗಲೂ ಕೊರತೆಯಿದ್ದರೆ ಮಾತ್ರ ಎಣ್ಣೆ ಉರಿದೋ ಸೋರಿಯೋ ಹೋಗಿದೆಯೆಂದು ನಿರ್ಧರಿಸಿ ಅಷ್ಟನ್ನು ಸೇರಿಸಬೇಕು. ಅಳತೆಯನ್ನು ಮರುದಿನಕ್ಕೆ ಮುಂದೂಡಿದರೆ ಮತ್ತೆ ಮೊದಲಿನ ಕಥೆಯೇ. ಸವಾರಿ ಮುಗಿಸಿ ಮನೆಗೆ ಬಂದೊಡನೆ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ.

ಗಾಡಿ ಬಹುಕಾಲ ನಿಂತು ತೊಟ್ಟಿ ಬಹುಮಟ್ಟಿಗೆ ಬರಿದಾಗಿದ್ದರೆ ಎಂಜಿನನ್ನು ಹೊಡೆಯಲೇಬಾರದು. ಸಂಪಿನ ತಳದ ತಿರುಪನ್ನು ಬಿಚ್ಚಿ, ಇಳಿದ ಎಣ್ಣೆಯನ್ನು ಶುಭ್ರವಾದ ಪಾತ್ರೆಯಲ್ಲಿ ಹಿಡಿದು ಅಳೆಯಬೇಕು. ಎಣ್ಣೆ ಒಳ್ಳೆಯ ಸ್ಥಿತಿಯಲ್ಲಿದ್ದರೆ ಶೋಧಿಸಿ ತೊಟ್ಟಿಗೇ ಹೊಯ್ಯಬಹುದು. ಕಪ್ಪಾಗಿದ್ದರೆ ಹೊಸದನ್ನು ಹಾಕಲು ಅದೇ ಸಮಯ. ಹೀಗೆ ಇಳಿಸಿದುದರ ಅಳತೆಯನ್ನು ದಿನಾಂಕದೊಡನೆ ಬರೆದಿಡುವುದು ಪ್ರಯೋಜನಕರ. ಹತ್ತು ದಿನಕ್ಕೆ ಇಷ್ಟು, ಇಪ್ಪತ್ತು ದಿನಕ್ಕೆ ಇಷ್ಟು ಎಂಬ ಎರಡು ಮೂರು ಅಂಕಿಗಳಿಂದಲೇ ಪಂಪಿನ ಸವೆತ ಹೆಚ್ಚುತ್ತಿದೆಯೇ ಎಂಬುದನ್ನು, ಅದನ್ನು ಬಿಚ್ಚದೆಯೇ, ಊಹಿಸಬಹುದು.

ತೊಟ್ಟಿಯನ್ನು ಬಾಯಿಯವರೆಗೆ ತುಂಬುವುದೂ ತಪ್ಪು. ಕೀಲೆಣ್ಣೆ ಪ್ರತಿ ಡಿಗ್ರಿಗೂ ತನ್ನ ಗಾತ್ರದ ಹತ್ತು ಸಾವಿರದಲ್ಲಿ ಸುಮಾರು ಏಳು ಪಾಲು ಹಿಗ್ಗುತ್ತದೆ. ಎರಡೂವರೆ ಲೀಟರು ಎಣ್ಣೆ 60 ಡಿಗ್ರಿ ಬಿಸಿಯೇರಿದರೆ ಸುಮಾರು 100 ಮಿಲಿಲೀಟರು ಹೆಚ್ಚುತ್ತದೆ. ಜೊತೆಗೆ ತೋಡುವ ಪಂಪು ತರುವ ಗಾಳಿಗುಳ್ಳೆಗಳು ಬೇರ್ಪಡಲು ಎಡೆ ಬೇಕು. ತಯಾರಕರು ಮೇಲಿನ ಗುರುತನ್ನು ಬಾಯಿಗಿಂತ ಕೆಳಗೆ ಇಟ್ಟಿರುವುದು ಇದಕ್ಕಾಗಿಯೇ.

ನಮ್ಮ ರಸ್ತೆಗಳ ಎರಡು ಗಾಡಿಗಳು

ನಮ್ಮ ನಾಡಿನಲ್ಲಿ ಒಣ ಸಂಪಿನ ಗಾಡಿಯೆಂದರೆ ಮುಖ್ಯವಾಗಿ ಹಳೆಯ ಬುಲೆಟ್. ಇಂಗ್ಲೆಂಡಿನ ರೆಡಿಚ್ ಪಟ್ಟಣದಲ್ಲಿ ಹುಟ್ಟಿದ ಈ ಗಾಡಿ, 1955ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯ ಮೂಲಕ ಭಾರತದ್ದಾಯಿತು. ಬೀಡುಕಬ್ಬಿಣದ ಸಿಲಿಂಡರಿನ ಆ ಹಳೆಯ ಎಂಜಿನಿನಲ್ಲಿ ಹೊರಗೆ ಎಣ್ಣೆಯ ತೊಟ್ಟಿ ಕಾಣುವುದಿಲ್ಲ. ಆದುದರಿಂದ ಅದನ್ನು ಹಸಿ ಸಂಪಿನದೆಂದು ಭಾವಿಸುವವರುಂಟು. ವಾಸ್ತವವಾಗಿ ಎಂಜಿನಿನ ಎರಕದಲ್ಲಿಯೇ, ಕ್ರ್ಯಾಂಕು ಚಕ್ರಗಳ ಹಿಂಬದಿಗೆ, ಗೋಡೆಯೊಂದರಿಂದ ಬೇರ್ಪಡಿಸಿದ ಕೋಣೆಯೇ ತೊಟ್ಟಿ. ಇಲ್ಲಿಯೂ ಪಂಪುಗಳು ಎರಡು. ಇಲ್ಲಿಯೂ ಗಾಡಿ ಬಹುದಿನ ನಿಂತರೆ ಎಣ್ಣೆ ಪಂಪಿನ ಮಾರ್ಗವಾಗಿ ಪಕ್ಕದ ಕೋಣೆಗೆ ಜಿನುಗುತ್ತದೆ. ಎರಡು ಕೋಣೆಗಳೂ ಅಕ್ಕಪಕ್ಕದಲ್ಲಿರುವುದರಿಂದ ಎರಡರಲ್ಲಿಯೂ ಮಟ್ಟ ಸಮನಾದಾಗ ಸೋರಿಕೆ ನಿಲ್ಲುತ್ತದೆ. ಕೂಡುಪಾತ್ರೆಗಳ ನಿಯಮಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಆದರೆ ಅಳತೆಗೋಲು ಸುಳ್ಳು ಹೇಳುವಷ್ಟು ಎಣ್ಣೆ ಅದಕ್ಕೆ ಮೊದಲೇ ಸರಿದಿರುತ್ತದೆ. ಬುಲೆಟಿನ ಎಣ್ಣೆಯನ್ನೂ ಎಂಜಿನು ಓಡಿ ನಿಂತ ಬಳಿಕವೇ ಅಳೆಯಬೇಕು.

ಇದಕ್ಕೆ ಪ್ರತಿಯಾಗಿ ಮೈಸೂರಿನ ಜಾವಾ ಮತ್ತು ಯೆಜ್ದಿ ಗಾಡಿಗಳನ್ನು ನೋಡಿ. 1960ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಆ ಎರಡು ಹೊಡೆತದ ಎಂಜಿನುಗಳಲ್ಲಿ ಕೀಲೆಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಅಲ್ಲಿ ಎಂಜಿನಿನ ಎಣ್ಣೆಗೆ ತೊಟ್ಟಿಯೂ ಇಲ್ಲ, ತೋಡುವ ಪಂಪೂ ಇಲ್ಲ. ಜಾವಾವನ್ನೇ ಬಳಸಿ ಬೆಳೆದ ಮನೆಗೆ ಹಳೆಯ ಬುಲೆಟೊಂದು ಬಂದರೆ ಈ ಭೇದವನ್ನು ಮೊದಲ ದಿನವೇ ಅರಿತಿರುವುದು ಒಳ್ಳೆಯದು.

ಕವಾಟವೆಂಬ ಉಪಾಯ

ಇಷ್ಟೆಲ್ಲ ಶ್ರಮವೇಕೆ, ತೊಟ್ಟಿಯ ಕೆಳಗಿನ ಕೊಳವೆಗೆ ಒಂದು ನಲ್ಲಿಯನ್ನು ಜೋಡಿಸಿ ರಾತ್ರಿ ಮುಚ್ಚಿ ಬೆಳಿಗ್ಗೆ ತೆರೆಯಬಾರದೇ, ಎಂದು ವಾಚಕರು ಕೇಳಬಹುದು. ಅನೇಕರು ಹಾಗೆ ಮಾಡಿದ್ದಾರೆ. ನಲ್ಲಿ ಸೋರಿಕೆಯನ್ನು ತಡೆಯುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ಒಂದು ಬೆಳಿಗ್ಗೆ ಅದನ್ನು ತೆರೆಯಲು ಮರೆತರೆ ಬೇರಿಂಗುಗಳಿಗೆ ಒಂದು ತೊಟ್ಟು ಎಣ್ಣೆಯೂ ಹೋಗುವುದಿಲ್ಲ. ಸಂಪಿಗೆ ಎಣ್ಣೆ ಇಳಿದರೆ ಆಗುವುದು ಕೊಳಕು ಮತ್ತು ಖರ್ಚು. ಎಣ್ಣೆ ಬರದಿದ್ದರೆ ಆಗುವುದು ಎಂಜಿನಿನ ನಾಶ. ಓಡುತ್ತಿರುವಾಗ ಅದು ಹಠಾತ್ತಾಗಿ ಕಚ್ಚಿಕೊಂಡರೆ ಹಿಂದಿನ ಚಕ್ರವೂ ನಿಂತು ಸವಾರನು ಕೆಳಗೆ ಬೀಳುವನು. ನಲ್ಲಿ ಮುಚ್ಚಿದ್ದಾಗ ಕಿಡಿಯ ವಿದ್ಯುತ್ತೇ ಹರಿಯದಂತೆ ಸ್ವಿಚ್ಚೊಂದನ್ನು ಅದಕ್ಕೆ ಜೋಡಿಸಿದರೆ ಮಾತ್ರ ಈ ಉಪಾಯ ಒಪ್ಪತಕ್ಕುದು. ಮನುಷ್ಯನ ಮರೆವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸುಧಾರಣೆ ಸುಧಾರಣೆಯಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲು ಹೇಳುವ ಮಾತುಗಳಲ್ಲಿ ಒಂದೆಂದರೆ, ಉಪಕರಣ ತನಗೆ ಕಂಡುದನ್ನು ಮಾತ್ರ ಹೇಳುತ್ತದೆಂಬುದು. ಥರ್ಮಾಮೀಟರು ತನ್ನ ಗುಳ್ಳೆಯ ಶಾಖವನ್ನು ಹೇಳುತ್ತದೆ. ಅದು ರೋಗಿಯ ಶಾಖವಾಗಬೇಕಾದರೆ ಸ್ವಲ್ಪ ಹೊತ್ತು ಕಾಯಬೇಕು. ಅಳತೆಗೋಲು ತಾನು ಮುಳುಗಿದ ತೊಟ್ಟಿಯ ಮಟ್ಟವನ್ನು ಹೇಳುತ್ತದೆ. ಅದು ಎಂಜಿನಿನ ಎಣ್ಣೆಯ ಪ್ರಮಾಣವಾಗಬೇಕಾದರೆ ಎಣ್ಣೆಯೆಲ್ಲ ಅಲ್ಲಿಗೆ ಬಂದು ಸೇರಿರಬೇಕು. ಹಳೆಯ ಗಾಡಿಯ ಒಡೆಯರು ಈ ವಾರ ತಮ್ಮ ಗಾಡಿಯಲ್ಲಿ ಎಣ್ಣೆಯ ಮಟ್ಟವನ್ನು ಸವಾರಿಗೆ ಮೊದಲೊಮ್ಮೆ, ಸವಾರಿಯಿಂದ ಬಂದೊಡನೆ ಇನ್ನೊಮ್ಮೆ ನೋಡಿ ಎರಡನ್ನೂ ಬರೆದುಕೊಳ್ಳಲಿ. ಎರಡರ ಅಂತರವೇ ಅವರ ಸಂಪಿನಲ್ಲಿ ಅಡಗಿದ್ದ ಎಣ್ಣೆಯ ಲೆಕ್ಕ. ಆ ಲೆಕ್ಕ ಕೈಗೆ ಸಿಕ್ಕುವವರೆಗೆ ಹೊಸ ಎಣ್ಣೆಯ ಡಬ್ಬಿಯನ್ನು ತೆರೆಯದಿರುವುದೇ ಮೇಲು.